ಮೋಟಾರು ಸೈಕಲ್ಲಿನ ‘ಪಿಕಪ್’ ಕುಂದಿದಾಗ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಮೋಟಾರು ಸೈಕಲ್ಲು ಇಂದು ಭೋಗದ ವಸ್ತುವಾಗಿ ಉಳಿದಿಲ್ಲ. ಶಿಕ್ಷಕರು ಶಾಲೆಗೆ, ರೈತರು ಹೊಲಕ್ಕೆ, ಹಾಲು ಮಾರುವವರು ಮನೆಮನೆಗೆ ಹೋಗುವುದು ಅದರ ಮೇಲೆಯೇ. ಕಬ್ಬು ಅರೆಯುವ ಹಂಗಾಮಿನಲ್ಲಿ ಎರಡೆರಡು ಟ್ರೇಲರುಗಳನ್ನೆಳೆಯುವ ಟ್ರ್ಯಾಕ್ಟರುಗಳು ನಮ್ಮ ಇಕ್ಕಟ್ಟಾದ ರಸ್ತೆಗಳನ್ನು ತುಂಬಿರುತ್ತವೆ. ಅಂಥದೊಂದನ್ನು ದಾಟಲೆಂದು ಎಕ್ಸಲೇಟರನ್ನು ತಿರುವಿದಾಗ ಎಂಜಿನ್ನು ಒಂದು ಕ್ಷಣ ತಡವರಿಸಿದರೂ ಅನಾಹುತವಾಗಬಹುದು. ಆದ್ದರಿಂದ ‘ಗಾಡಿಗೆ ಪಿಕಪ್ ಇಲ್ಲ’ ಎಂಬ ದೂರು ಕೇವಲ ಅನಾನುಕೂಲತೆಯ ಮಾತಲ್ಲ, ಪ್ರಾಣಕ್ಕೆ ಸಂಬಂಧಿಸಿದ ಮಾತು.

ಹಿಂದಿನ ವಾಹನಗಳಲ್ಲಿ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವ ಕೆಲಸವನ್ನು ಕಾರ್ಬುರೇಟರ್ ಮಾಡುತ್ತಿತ್ತು. ಅನುಭವಸ್ಥ ಮಿಸ್ತ್ರಿಯು ಎಂಜಿನ್ನಿನ ಸಪ್ಪಳ ಕೇಳಿ, ಒಂದು ಸ್ಕ್ರೂ ತಿರುವಿ ದೋಷವನ್ನು ಸರಿಪಡಿಸುತ್ತಿದ್ದನು. ೨೦೨೦ನೆಯ ಏಪ್ರಿಲ್ ೧ರಿಂದ ಬಿ.ಎಸ್.-೬ ಹೊಗೆ ನಿಯಮವು ಜಾರಿಗೆ ಬಂದಂದಿನಿಂದ ಹೊಸ ಮೋಟಾರು ಸೈಕಲ್ಲುಗಳಲ್ಲಿ ಬಹುಮಟ್ಟಿಗೆ ಕಾರ್ಬುರೇಟರಿನ ಸ್ಥಾನವನ್ನು ಇಂಧನ ಇಂಜೆಕ್ಷನ್ ಪದ್ಧತಿಯು ಆಕ್ರಮಿಸಿದೆ.

ಈ ಪದ್ಧತಿಯಲ್ಲಿ ಟ್ಯಾಂಕಿನೊಳಗಿನ ವಿದ್ಯುತ್ ಪಂಪು ಪೆಟ್ರೋಲನ್ನು ಒತ್ತಡದಿಂದ ಇಂಜೆಕ್ಟರಿಗೆ ಕಳಿಸುತ್ತದೆ. ಇಂಜೆಕ್ಟರು ಅದನ್ನು ಸೂಕ್ಷ್ಮ ತುಂತುರಾಗಿ ಸಿಂಪಡಿಸುತ್ತದೆ. ಎಷ್ಟು ಸಿಂಪಡಿಸಬೇಕೆಂಬುದನ್ನು ಇ.ಸಿ.ಯು. ಎಂಬ ಪುಟ್ಟ ಗಣಕವು ನಿರ್ಧರಿಸುತ್ತದೆ. ಥ್ರಾಟಲ್ ಎಷ್ಟು ತೆರೆದಿದೆ, ಒಳಬರುವ ಗಾಳಿಯ ಒತ್ತಡವೆಷ್ಟು, ಎಂಜಿನ್ ಎಷ್ಟು ಕಾದಿದೆ, ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂಬುದನ್ನು ಸೆನ್ಸರುಗಳು ಅದಕ್ಕೆ ವರದಿ ಮಾಡುತ್ತಿರುತ್ತವೆ. ಸಿಬ್ಬಂದಿಯ ವರದಿ ತಪ್ಪಾದರೆ ಅಧಿಕಾರಿಯ ಆಜ್ಞೆಯೂ ತಪ್ಪುವುದಷ್ಟೆ. ಆದರೆ ಪಿಕಪ್ ಕುಂದಿದೊಡನೆ ‘ಸೆನ್ಸರ್ ಹೋಗಿದೆ’ ಎಂದು ತೀರ್ಮಾನಿಸಿ, ಸಾವಿರಾರು ರೂಪಾಯಿಗಳ ಭಾಗಗಳನ್ನು ಒಂದಾದಮೇಲೊಂದು ಬದಲಿಸುವ ರೂಢಿ ಸರಿಯಲ್ಲ. ಅನೇಕ ಸಲ ದೋಷವು ತೀರ ಸಾಮಾನ್ಯವಾದ ಎಡೆಯಲ್ಲಿಯೇ ಅಡಗಿರುತ್ತದೆ. ಖರ್ಚಿಲ್ಲದ ಪರೀಕ್ಷೆಯಿಂದ ಆರಂಭಿಸಿ ಖರ್ಚಿನ ಪರೀಕ್ಷೆಯ ಕಡೆಗೆ ಸಾಗುವುದೇ ಯೋಗ್ಯ ಕ್ರಮ.

ಮೊದಲನೆಯದಾಗಿ, ದೋಷವು ಎಂಜಿನ್ನಿನದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಎಂಜಿನ್ನಿನ ಸಪ್ಪಳ ಏರಿದರೂ ವೇಗ ಏರದಿದ್ದರೆ ಕ್ಲಚ್ಚು ಜಾರುತ್ತಿದೆ ಎಂದರ್ಥ. ನ್ಯೂಟ್ರಲಿನಲ್ಲಿ ನೂಕಿದರೆ ಗಾಡಿ ಸಲೀಸಾಗಿ ಉರುಳದಿದ್ದಲ್ಲಿ ಬ್ರೇಕು ಹಿಡಿದಿರಬಹುದು. ಎಕ್ಸಲೇಟರಿನ ಕೇಬಲ್ ಸಡಿಲಾಗಿದ್ದರೆ ಕೈ ತಿರುವಿದರೂ ಥ್ರಾಟಲ್ ಪೂರ್ಣ ತೆರೆಯುವುದಿಲ್ಲ.

ಎರಡನೆಯದು ಗಾಳಿ. ಕಬ್ಬಿನ ಗಾಡಿಗಳು ಎಬ್ಬಿಸುವ ಧೂಳಿನಲ್ಲಿ ಏರ್ ಫಿಲ್ಟರ್ ಬಹುಬೇಗ ಕಟ್ಟಿಕೊಳ್ಳುತ್ತದೆ. ಥ್ರಾಟಲ್ ಬಾಡಿಗೂ ಎಂಜಿನ್ನಿಗೂ ನಡುವೆ ಇರುವ ರಬ್ಬರು ಸೀಳಿದ್ದರೆ ಲೆಕ್ಕಕ್ಕೆ ಸಿಗದ ಗಾಳಿಯು ಒಳನುಗ್ಗಿ ಮಿಶ್ರಣವನ್ನು ಕೆಡಿಸುತ್ತದೆ. ಥ್ರಾಟಲ್ ಬಾಡಿಯಲ್ಲಿ ಮಸಿ ಕೂತಿದ್ದರೆ ಎಕ್ಸಲೇಟರನ್ನು ತುಸುವೇ ತಿರುವಿದಾಗ ಗಾಡಿ ಮುಗ್ಗರಿಸುತ್ತದೆ. ಅದನ್ನು ತಕ್ಕ ದ್ರಾವಣದಿಂದ ಮೃದುವಾಗಿ ಒರೆಸಬೇಕು, ತಂತಿಯಿಂದ ಕೆರೆಯಬಾರದು. ಕಾರ್ಖಾನೆಯಲ್ಲಿ ನಿಗದಿಪಡಿಸಿದ ಸ್ಕ್ರೂಗಳನ್ನು ಮುಟ್ಟಲೇಬಾರದು. ಕಾರ್ಬುರೇಟರ್ ಕಾಲದ ಕೈಚಳಕವು ಇಲ್ಲಿ ಅಪಾಯಕಾರಿ.

ಮೂರನೆಯದು ಪೆಟ್ರೋಲು. ಚಾವಿ ತಿರುವಿದಾಗ ಪಂಪು ಎರಡು-ಮೂರು ಸೆಕೆಂಡು ಗುಂಯ್‌ಗುಟ್ಟಬೇಕು. ಸಪ್ಪಳವಿದ್ದೂ ವೇಗ ಏರಿದಂತೆ ಬಲ ಕುಗ್ಗಿದರೆ ಫಿಲ್ಟರ್ ಕಟ್ಟಿರಬಹುದು, ಇಲ್ಲವೆ ಪಂಪಿನ ಒತ್ತಡ ತಗ್ಗಿರಬಹುದು. ಪಂಪಿಗೆ ಪೆಟ್ರೋಲೇ ತಂಪು ನೀಡುವುದರಿಂದ ಸದಾ ರಿಸರ್ವಿನಲ್ಲಿ ಓಡಿಸುವುದು ತರವಲ್ಲ. ನಮ್ಮ ಭಾಗದ ಕಬ್ಬಿಗೂ ಈ ವಿಷಯಕ್ಕೂ ನಂಟಿದೆ. ಕಬ್ಬಿನಿಂದಲೂ ತಯಾರಾಗುವ ಎಥೆನಾಲನ್ನು ಶೇಕಡಾ ೨೦ರಷ್ಟು ಬೆರೆಸಿದ ಪೆಟ್ರೋಲು ೨೦೨೩ರ ಫೆಬ್ರುವರಿಯಲ್ಲಿ ಮಾರುಕಟ್ಟೆಗೆ ಬಂದು, ೨೦೨೫ರ ಹೊತ್ತಿಗೆ ದೇಶದೆಲ್ಲೆಡೆ ಹಬ್ಬಿತು. ಎಥೆನಾಲ್ ನೀರನ್ನು ಹೀರುವ ಗುಣವುಳ್ಳದ್ದು. ನೀರು ಮಿತಿ ಮೀರಿದಾಗ ಎರಡೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಪಂಪು ಹೀರುವುದೂ ತಳದಿಂದಲೇ. ೨೦೧೯ರ ಆಗಸ್ಟಿನಲ್ಲಿ ಘಟಪ್ರಭೆಯು ಗೋಕಾಕಕ್ಕೆ ನುಗ್ಗಿದಂತಹ ನೆರೆಯಲ್ಲಿ ಮುಳುಗಿದ ವಾಹನವನ್ನು ಟ್ಯಾಂಕು ಬರಿದುಮಾಡದೆ ಚಾಲೂ ಮಾಡಬಾರದು. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ವಿಷಯದಲ್ಲಿಯೂ ಎಚ್ಚರ ಬೇಕು.

ನಾಲ್ಕನೆಯದು ವಿದ್ಯುತ್ತು. ಪಂಪು, ಇಂಜೆಕ್ಟರು, ಗಣಕ ಎಲ್ಲವೂ ಬ್ಯಾಟರಿಯನ್ನು ಅವಲಂಬಿಸಿವೆ. ಎಂಜಿನ್ ನಿಂತಾಗ ಬ್ಯಾಟರಿಯಲ್ಲಿ ಸುಮಾರು ೧೨.೫ ವೋಲ್ಟ್, ಓಡುವಾಗ ಸುಮಾರು ೧೪ ವೋಲ್ಟ್ ಇರಬೇಕು. ಸವೆದ ಸ್ಪಾರ್ಕ್ ಪ್ಲಗ್ಗು, ತುಕ್ಕು ಹಿಡಿದ ಅರ್ಥಿಂಗ್ ತಂತಿ, ಜೋರಾದ ನೀರಿನಿಂದ ತೊಳೆದಾಗ ಒದ್ದೆಯಾದ ಕನೆಕ್ಟರು ಇವೆಲ್ಲ ಸೆನ್ಸರಿನ ದೋಷದಂತೆಯೇ ತೋರುತ್ತವೆ.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಸೆನ್ಸರುಗಳ ಸರದಿ. ಎಂಜಿನ್ ಓಡುವಾಗ ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಆರದಿದ್ದರೆ ಸ್ಕ್ಯಾನರಿನಿಂದ ದೋಷಸಂಖ್ಯೆಯನ್ನು ಓದಿಸಬೇಕು. ಆ ಸಂಖ್ಯೆಯು ತನಿಖೆಯ ದಿಕ್ಕನ್ನು ತೋರಿಸುತ್ತದೆಯೇ ಹೊರತು ಅಂತಿಮ ತೀರ್ಪನ್ನು ಕೊಡುವುದಿಲ್ಲ. ಸೆನ್ಸರಿಗೆ ಹೋಗುವ ತಂತಿ ತುಂಡಾದರೂ ಅದೇ ಸಂಖ್ಯೆ ಬರಬಹುದು. ಥ್ರಾಟಲ್ ಸೆನ್ಸರಿನ ವೋಲ್ಟೇಜು ಎಕ್ಸಲೇಟರ್ ತಿರುವಿದಂತೆ ಸಮವಾಗಿ ಏರಬೇಕು. ನಡುವೆ ಹಠಾತ್ತನೆ ಕುಸಿದರೆ ದೋಷವು ಸೆನ್ಸರಿನಲ್ಲಿಯೋ ಅದರ ತಂತಿಯಲ್ಲಿಯೋ ಇದೆ. ತಂತಿಯನ್ನು ಪರೀಕ್ಷಿಸಿದ ಮೇಲೆಯೇ ಸೆನ್ಸರ್ ಬದಲಿಸಬೇಕು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಓಡಿಸಿ ನೋಡಿ, ಅನಂತರವೇ ಮುಂದಿನದಕ್ಕೆ ಕೈಹಾಕಬೇಕು. ಗಾಡಿಯ ಒಡೆಯನೂ ಮಿಸ್ತ್ರಿಗೆ ನೆರವಾಗಬೇಕು: ದೋಷ ಕಾಣುವುದು ತಣ್ಣಗಿದ್ದಾಗಲೋ ಕಾದಾಗಲೋ, ಮಳೆಯ ನಂತರವೋ ಪೆಟ್ರೋಲು ತುಂಬಿಸಿದ ನಂತರವೋ ಎಂಬುದನ್ನು ಗಮನಿಸಿ ಹೇಳಿದರೆ ಅರ್ಧ ಕೆಲಸ ಮುಗಿದಂತೆ. ದೋಷ ನಿವಾರಣೆಯಾಗುವವರೆಗೆ ಕಬ್ಬಿನ ಟ್ರ್ಯಾಕ್ಟರನ್ನು ಹಿಂದೆ ಹಾಕುವ ಸಾಹಸವನ್ನು ಯಾರೂ ಮಾಡದಿರುವುದೇ ಲೇಸು.