ಆ್ಯಪ್ ಹಸಿರು ತೋರಿಸಿದರೆ ಸಾಕೇ?

ಟಿವಿಯಲ್ಲಿ ದೆಹಲಿಯ ಹೊಗೆ ಬಂದಾಗಲೆಲ್ಲ ನಮ್ಮ ಆಫೀಸಿನಲ್ಲಿ ಒಂದು ಮಾತು ಗ್ಯಾರಂಟಿ: ‘ಸದ್ಯ, ನಾವು ಬೆಂಗಳೂರಲ್ಲಿದೀವಿ!’ ಫೋನ್ ತೆಗೆದರೆ ಎಕ್ಯುಐ 80, ಪಕ್ಕದಲ್ಲಿ ತಿಳಿಹಸಿರು, ‘ತೃಪ್ತಿಕರ’ ಅನ್ನೋ ಹಣೆಪಟ್ಟಿ. ಎಲ್ಲರಿಗೂ ನೆಮ್ಮದಿ. ನನಗೆ ಮಾತ್ರ ಆ ನೆಮ್ಮದಿ ಸ್ವಲ್ಪ ಕಮ್ಮಿ.

ಯಾಕೆ ಅಂತ ಲೆಕ್ಕ ಹೇಳ್ತೀನಿ. ನಮ್ಮ ದೇಶದ ಸೂಚ್ಯಂಕದಲ್ಲಿ ಪಿಎಂ 2.5 ಕಾರಣಕ್ಕೆ 80 ಬಂದಿದ್ದರೆ, ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 48 ಮೈಕ್ರೋಗ್ರಾಂ ಸೂಕ್ಷ್ಮ ಕಣಗಳಿವೆ ಎಂದರ್ಥ. ನಮ್ಮಲ್ಲಿ ದಿನದ ಮಿತಿ 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಬರೀ 15. ಇದೇ ಗಾಳಿಯನ್ನು ಅಮೆರಿಕದ ಅಳತೆ ಬಳಸುವ ಆ್ಯಪ್‌ನಲ್ಲಿ ನೋಡಿ, 130ರ ಆಸುಪಾಸು ತೋರಿಸಿ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತೆ. ಗಾಳಿ ಒಂದೇ, ಬಣ್ಣ ಎರಡು! ಅದಕ್ಕೇ ನಾನು ಬಣ್ಣ ನೋಡಲ್ಲ, ಪಿಎಂ 2.5 ಎಷ್ಟು ಮೈಕ್ರೋಗ್ರಾಂ ಅಂತ ನೋಡ್ತೀನಿ.

ಗಾಳಿ ಕೆಟ್ಟರೆ ಕೆಮ್ಮು, ಉಬ್ಬಸ ಬರುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಹೃದಯದ ವಿಷಯ ಅಷ್ಟಾಗಿ ಯಾರೂ ಮಾತಾಡಲ್ಲ. ದಪ್ಪ ಧೂಳನ್ನು ಮೂಗು, ಗಂಟಲು ತಡೆದು ಸೀನಿನಲ್ಲೋ ಕಫದಲ್ಲೋ ಹೊರಗೆ ಹಾಕುತ್ತವೆ. ಪಿಎಂ 2.5 ತಲೆಕೂದಲಿಗಿಂತ ಇಪ್ಪತ್ತು–ಮೂವತ್ತು ಪಟ್ಟು ಸಣ್ಣ. ನೇರ ಶ್ವಾಸಕೋಶದ ಗಾಳಿಚೀಲಗಳಿಗೆ ಇಳಿಯುತ್ತೆ, ಅದರಲ್ಲೂ ಅತಿ ಸಣ್ಣ ಕಣಗಳು ರಕ್ತಕ್ಕೇ ಸೇರುತ್ತವೆ. ಅಲ್ಲಿಂದ ಉರಿಯೂತ ಶುರು. ರಕ್ತನಾಳದ ಒಳಪದರ ಹಾಳಾಗುತ್ತೆ, ಬಿಪಿ ಏರುತ್ತೆ, ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುತ್ತೆ. ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು ಎರಡಕ್ಕೂ ಇದೇ ದಾರಿ. ಹೊರಗಿನ ಗಾಳಿಯ ಮಾಲಿನ್ಯ ಕ್ಯಾನ್ಸರ್‌ಕಾರಕ ಅಂತ 2013ರಲ್ಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಘೋಷಿಸಿದೆ.

ನಮ್ಮ ಸೋದರಮಾವ 20 ವರ್ಷ ಆಟೊ ಓಡಿಸಿದವರು. ಬೀಡಿ ಮುಟ್ಟಿದವರಲ್ಲ. ಹೋದ ವರ್ಷ ಸ್ಟೆಂಟ್ ಹಾಕಿಸಬೇಕಾಯ್ತು. ಆಸ್ಪತ್ರೆಯಲ್ಲಿ ಸಿಗರೇಟು, ಕುಡಿತ, ಎಣ್ಣೆ ತಿಂಡಿ ಎಲ್ಲದರ ಬಗ್ಗೆ ಕೇಳಿದರು. ‘ದಿನಕ್ಕೆ ಎಷ್ಟು ಗಂಟೆ ರೋಡಲ್ಲಿರ್ತೀರಿ?’ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ಗಾಳಿಯೇ ಕಾರಣ ಅಂತ ನಾನು ಹೇಳ್ತಿಲ್ಲ, ಮಾವನಿಗೆ ಶುಗರ್ ಕೂಡ ಇತ್ತು. ಆದರೆ ಶುಗರ್ ಇದ್ದವರಿಗೇ ಈ ಧೂಳು ಹೆಚ್ಚು ಕಾಡೋದು.

ಮುಖಕ್ಕೆ ಕರ್ಚೀಫ್ ಕಟ್ಟಿ ಗಾಡಿ ಓಡಿಸೋದರಿಂದ ಈ ಕಣಗಳಿಗೇನೂ ಆಗಲ್ಲ. ಮುಖಕ್ಕೆ ಸರಿಯಾಗಿ ಕೂರುವ ಎನ್95 ಬೇಕು. (ಹೆಲ್ಮೆಟ್ ಒಳಗೆ ಸೆಕೆ ನಿಜ, ನಾಲ್ಕು ದಿನದಲ್ಲಿ ಅಭ್ಯಾಸ ಆಗುತ್ತೆ.) ಚಳಿಗಾಲದ ಮುಂಜಾನೆ ತಣ್ಣನೆ ಗಾಳಿ ನೆಲದ ಹತ್ತಿರವೇ ನಿಂತು ಹೊಗೆಯನ್ನೂ ಹಿಡಿದಿಟ್ಟುಕೊಳ್ಳುತ್ತೆ. ಹಾಗಾಗಿ ಜಾಗಿಂಗ್‌ಗೆ ಬಿಸಿಲೇರಿದ ಮೇಲೆ ಹೋಗಿ, ಮೇನ್ ರೋಡ್ ಬಿಟ್ಟು ಪಾರ್ಕ್ ಹಿಡಿಯಿರಿ. ರಾತ್ರಿ ಕಿಟಕಿ ಮುಚ್ಚಿ ಸೊಳ್ಳೆ ಬತ್ತಿ ಹಚ್ಚಿ ಮಲಗುವವರು, ಅದರ ಹೊಗೆಯಲ್ಲಿರುವುದೂ ಇದೇ ಸೂಕ್ಷ್ಮ ಕಣ ಅಂತ ತಿಳಿದಿರಿ. ಸೊಳ್ಳೆಪರದೆ ವಾಸಿ.

ಇನ್ನು 12 ಗಂಟೆ ಆಟೊದಲ್ಲಿ ಕೂರುವವರಿಗೆ, ಡೆಲಿವರಿ ಹುಡುಗರಿಗೆ, ಟ್ರಾಫಿಕ್ ಪೊಲೀಸರಿಗೆ ‘ಮಾಸ್ಕ್ ಹಾಕ್ಕೊಳ್ಳಿ’ ಅಂದರೆ ಮುಗಿಯಲ್ಲ. ಹೊಗೆ ಕಡಿಮೆಯಾಗಬೇಕು, ಬಸ್ ಹೆಚ್ಚಬೇಕು, ರಸ್ತೆ ಬದಿ ಎಲೆಗೆ ಬೆಂಕಿ ಇಡೋದು ನಿಲ್ಲಬೇಕು. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಬಿಪಿ, ಶುಗರ್ ಚೆಕ್ ಮಾಡಿಸಿ. ಡಾಕ್ಟರ್ ಕೇಳದಿದ್ದರೂ ರೋಡಿನಲ್ಲಿ ಕಳೆಯುವ ಗಂಟೆಗಳನ್ನು ನೀವೇ ಹೇಳಿ. ಎದೆ ಬಿಗಿದರೆ ‘ಗ್ಯಾಸ್ ಇರಬೇಕು’ ಅಂತ ಸೋಡಾ ಕುಡಿಸುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿ.