ವಿಡಿಯೊ ನಿಲ್ಲಿಸಿದ ಮೇಲೆ ಶುರುವಾಗುವ ಇಂಗ್ಲಿಷ್

ಕುಂದಾಪುರದಿಂದ ಬೈಂದೂರಿನ ತನಕ ಯಾವ ಮನೆ ಮೆಟ್ಟಿಲು ಹತ್ತಿದರೂ ಇಂಗ್ಲಿಷ್ ಹಾಡು ಕೇಳುತ್ತದೆ. ನಾಲ್ಕು ವರ್ಷದ ಮಗು ಮೊಬೈಲ್ ನೋಡುತ್ತಾ ಹಣ್ಣು, ಬಣ್ಣ, ವಾರಗಳನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸುತ್ತದೆ. ಗಂಜಿಯೂ ಖಾಲಿಯಾಗುತ್ತದೆ, ಇಂಗ್ಲಿಷೂ ಬರುತ್ತದೆ ಎಂದು ಮನೆಯವರಿಗೆ ಸಮಾಧಾನ. ಅದೇ ಮಗು ಮುಂದೊಂದು ಜೂನ್ ತಿಂಗಳಲ್ಲಿ ನನ್ನ ತರಗತಿಗೆ ಬಂದಾಗ ಬಾಳೆಹಣ್ಣು ತೋರಿಸಿ ‘ವಾಟ್ ಈಸ್ ದಿಸ್?’ ಎಂದು ಕೇಳಿದರೆ ಮುಖ ಮುಖ ನೋಡುತ್ತದೆ. ಹಾಡು ಬಾಯಿಗೆ ಬಂದಿದೆ, ಆದರೆ ಕೇಳಿದ್ದಕ್ಕೆ ಉತ್ತರ ಕೊಡಬೇಕೆಂದು ಆ ಹಾಡು ಯಾವತ್ತೂ ಹೇಳಿಕೊಟ್ಟಿಲ್ಲ.

ಬೈಂದೂರು ತಾಲೂಕಿನ ಒಳಭಾಗದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಟೀಚರ್. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ. ನಮ್ಮ ಕಡೆಯ ಮಗುವಿಗೆ ಅದು ಎಷ್ಟನೇ ಭಾಷೆ ಎಂದು ಲೆಕ್ಕ ಹಾಕುವುದೇ ಕಷ್ಟ. ಮನೆಯಲ್ಲಿ ಕುಂದಾಪ್ರ ಕನ್ನಡ, ಗಂಗೊಳ್ಳಿಯ ಕಡೆ ಹೋದರೆ ಕೊಂಕಣಿ, ಬ್ರಹ್ಮಾವರ ದಾಟಿದರೆ ತುಳು. ಪುಸ್ತಕದ ಕನ್ನಡವೇ ಮಗುವಿಗೆ ಸ್ವಲ್ಪ ಹೊಸತು. ಇಷ್ಟನ್ನೆಲ್ಲ ಯಾರೂ ಕೂರಿಸಿ ಕಲಿಸದೆ ಕಲಿತ ಮಗುವಿಗೆ ಇಂಗ್ಲಿಷ್ ಮಾತ್ರ ಯಾಕೆ ಹತ್ತುವುದಿಲ್ಲ? ತುಳುವಿನಲ್ಲಿ ಬೈದವರು ಎದುರಿಗಿದ್ದರು, ಕೊಂಕಣಿಯಲ್ಲಿ ಮೀನಿನ ರೇಟು ಹೇಳಿದವರೂ ಎದುರಿಗಿದ್ದರು. ಇಂಗ್ಲಿಷ್ ಆಡುವವರು ಮಾತ್ರ ಗಾಜಿನ ಆಚೆ ಇದ್ದಾರೆ.

ಇದನ್ನು ಅಮೆರಿಕದಲ್ಲಿ ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಪೆಟ್ರೀಶಿಯಾ ಕೂಲ್ ಎಂಬ ವಿಜ್ಞಾನಿಯ ತಂಡ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಕೆಲವು ಕೂಸುಗಳ ಎದುರು ಆ ಭಾಷೆಯವರೇ ಕೂತು ಆಟವಾಡಿಸಿದರು, ಕಥೆ ಓದಿದರು. ಇನ್ನು ಕೆಲವಕ್ಕೆ ಅದೇ ಜನರ ಡಿವಿಡಿ ಹಾಕಿದರು. ಎದುರು ಕೂತವರಿಂದ ಕೇಳಿದ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಿದವು. ಡಿವಿಡಿ ನೋಡಿದ ಕೂಸುಗಳಿಗೂ ಮ್ಯಾಂಡರಿನ್ ಕೇಳದೇ ಇದ್ದ ಕೂಸುಗಳಿಗೂ ವ್ಯತ್ಯಾಸವೇ ಕಾಣಲಿಲ್ಲ. 2014ರ ಇನ್ನೊಂದು ಅಧ್ಯಯನ ನನಗೆ ಇದಕ್ಕಿಂತ ಉಪಯೋಗಕ್ಕೆ ಬಂತು. ಎರಡರಿಂದ ಎರಡೂವರೆ ವರ್ಷದ ಮಕ್ಕಳು ವಿಡಿಯೊ ಕಾಲಿನಲ್ಲಿ ಮಾತಾಡಿಸಿದವರಿಂದ ಹೊಸ ಪದ ಕಲಿತರು, ರೆಕಾರ್ಡ್ ಮಾಡಿದ್ದನ್ನು ನೋಡಿ ಕಲಿಯಲಿಲ್ಲ. ತೊಂದರೆ ಪರದೆಯದ್ದಲ್ಲ, ಆ ಕಡೆಯವರು ಮಗುವಿನ ಮಾತಿಗೆ ಕಾದು ಉತ್ತರ ಕೊಡುತ್ತಾರೋ ಇಲ್ಲವೋ ಎಂಬುದರದ್ದು.

ನಾನು ವಿಡಿಯೊ ಮಾಡತೊಡಗಿದ್ದು 2020ರಲ್ಲಿ, ಕೊರೊನಾದಿಂದ ಶಾಲೆ ಮುಚ್ಚಿದ್ದಾಗ. ದೂರದರ್ಶನ ಚಂದನದಲ್ಲಿ ಹೈಸ್ಕೂಲಿನವರಿಗೆ ಪಾಠ ಬರುತ್ತಿತ್ತು, ಚಿಕ್ಕವರಿಗೆ ವಾಟ್ಸಾಪೇ ಗತಿ. ಆಗ ಅದರಲ್ಲಿ 16 ಎಂಬಿಗಿಂತ ದೊಡ್ಡ ವಿಡಿಯೊ ಕಳಿಸಲು ಆಗುತ್ತಿರಲಿಲ್ಲ, ಹಾಗಾಗಿ ಪಾಠ ತಾನಾಗಿಯೇ ಎರಡು-ಮೂರು ನಿಮಿಷಕ್ಕೆ ಇಳಿಯಿತು. ಅದು ಒಳ್ಳೆಯದೇ ಆಯಿತು. ಮಳೆಗಾಲದಲ್ಲಿ ಹಂಚಿನ ಮಾಡಿನ ಕೆಳಗೆ ರೆಕಾರ್ಡಿಂಗ್ ಎಂದರೆ ಬರೀ ಮಳೆಯದ್ದೇ ಸ್ವರ. ಮಳೆ ಬಿಟ್ಟ ಗಳಿಗೆ ನೋಡಿ, ಅಕ್ಕಿ ಡಬ್ಬಕ್ಕೆ ಫೋನ್ ಒರಗಿಸಿ ಮಾತಾಡುತ್ತಿದ್ದೆ. ಹೊಳೆಯಾಚೆಯ ಕೆಲವು ಮನೆಗಳಲ್ಲಿ ಇದ್ದ ಒಂದು ಫೋನೂ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿತ್ತು. ಆ ಮಕ್ಕಳ ಪಾಠ ರಾತ್ರಿ ಊಟದ ನಂತರ, ಅದೂ ಜಗಲಿಯ ಒಂದೇ ಮೂಲೆಯಲ್ಲಿ ನೆಟ್‌ವರ್ಕ್ ಸಿಕ್ಕಿದರೆ.

ಆಗಸ್ಟಿನಲ್ಲಿ, ಶಾಲೆಯ ಹೊರಗೆ ಮಕ್ಕಳನ್ನು ಸೇರಿಸಿ ಪಾಠ ಮಾಡುವ ‘ವಿದ್ಯಾಗಮ’ ಶುರುವಾಗಿ ದೇವಸ್ಥಾನದ ಚಾವಡಿಯಲ್ಲಿ ಮಕ್ಕಳು ಎದುರಿಗೆ ಸಿಕ್ಕಾಗ ವಿಡಿಯೊದ ನಿಜವಾದ ಬೆಲೆ ತಿಳಿಯಿತು. ಎಲ್ಲರ ಮುಖಕ್ಕೂ ಮಾಸ್ಕ್. ‘ಎಫ್’ ಎನ್ನುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗುವುದನ್ನು ನಮ್ಮ ಮಕ್ಕಳು ಕಣ್ಣಾರೆ ಕಾಣಬೇಕು, ಇಲ್ಲದಿದ್ದರೆ ‘ಫ್ಯಾನ್’ ಹೋಗಿ ‘ಪ್ಯಾನ್’ ಆಗುತ್ತದೆ. ಬಾಯಿಯನ್ನಷ್ಟೇ ಹತ್ತಿರದಿಂದ ತೆಗೆದ ವಿಡಿಯೊ ಆ ಕೆಲಸವನ್ನು ನನಗಿಂತ ಚೆಂದ ಮಾಡಿತು. ತರಗತಿಯಲ್ಲಿ ತುಟಿ ಬಿಚ್ಚದ ನಾಚಿಕೆಯ ಮಗು ಮನೆಯಲ್ಲಿ ಅದನ್ನೇ ಹತ್ತು ಸಲ ಹಾಕಿಕೊಂಡು ಕನ್ನಡಿ ಎದುರು ‘ಫ್ ಫ್’ ಎನ್ನುತ್ತದಂತೆ. ‘ಸಿ’ ಎಂಬ ಒಂದೇ ಅಕ್ಷರ ‘ಕ್ಯಾಟ್’ನಲ್ಲಿ ಒಂದು, ‘ಸಿಟಿ’ಯಲ್ಲಿ ಇನ್ನೊಂದು ಸ್ವರ ಹೊರಡಿಸುವುದು, ಬರೆದಂತೆಯೇ ಓದುವ ಕನ್ನಡದ ಮಗುವಿಗೆ ಮೋಸದಂತೆ ಕಾಣುತ್ತದೆ. ಅಂಥದ್ದಕ್ಕೂ ಹಿಂದೆ ಮುಂದೆ ಓಡಿಸಿ ನೋಡಬಹುದಾದ ವಿಡಿಯೊ ಒಳ್ಳೆಯದು.

ಆದರೆ ಮಾತು? ಅದಕ್ಕೆ ನಾನು ಕಂಡುಕೊಂಡ ದಾರಿ, ವಿಡಿಯೊದ ನಡುವೆಯೇ ಸುಮ್ಮನಾಗುವುದು. ‘ಗಿವ್ ಮಿ ದ ಸ್ಪೂನ್’ ಎಂದು ಹೇಳಿ ಕೈ ಚಾಚಿ ಕೂರುತ್ತೇನೆ. ಅಲ್ಲಿ ವಿಡಿಯೊ ನಿಲ್ಲಿಸಬೇಕು, ಮಗು ಅಡುಗೆಮನೆಗೆ ಓಡಿ ಚಮಚ ತಂದು ಮನೆಯವರ ಕೈಗೆ ಕೊಡಬೇಕು. ಹೇಳಿದ್ದನ್ನು ಮೈಯಿಂದ ಮಾಡಿಸಿ ಭಾಷೆ ಕಲಿಸುವ ಈ ಕ್ರಮ ಹೊಸದೇನಲ್ಲ, 1960ರ ದಶಕದಲ್ಲೇ ಅಮೆರಿಕದ ಜೇಮ್ಸ್ ಆ್ಯಶರ್ ಇದನ್ನು ರೂಪಿಸಿದ್ದರು. ನಾನು ಸೇರಿಸಿದ್ದು ಅಮ್ಮಮ್ಮನನ್ನು ಮಾತ್ರ.

ನಮ್ಮಲ್ಲಿ ಎಷ್ಟೋ ಮಕ್ಕಳ ಅಪ್ಪ ಅಮ್ಮ ಬೆಂಗಳೂರಿನ ಹೋಟೆಲುಗಳಲ್ಲಿ ದುಡಿಯುತ್ತಾರೆ. ಮನೆಯಲ್ಲಿ ಇರುವುದು ಅಮ್ಮಮ್ಮ. ಅಂಥ ಒಬ್ಬರು ಮೊದಲು ಖಡಾಖಂಡಿತವಾಗಿ ಒಲ್ಲೆ ಎಂದರು. ‘ಹ್ವಾಯ್ ಟೀಚರ್, ನಂಗೆ ಇಂಗ್ಲಿಷ್ ಬತ್ತಿಲ್ಲೆ, ನಾ ಎಂತ ಹೇಳ್ಕೊಡೂದ್?’ ನೀವು ಹೇಳಿಕೊಡುವುದು ಬೇಡ, ವಿಡಿಯೊ ನಿಲ್ಲಿಸಿ ‘ಎಂತ ಹೇಳ್ತ್ ಅದ್?’ ಎಂದು ಮೊಮ್ಮಗಳನ್ನು ಕೇಳಿ, ಸಾಕು ಎಂದೆ. ಗೊತ್ತಿಲ್ಲದವರಿಗೆ ತಿಳಿಸಿ ಹೇಳುವಾಗ ಮಗುವಿಗೆ ಬರುವ ಠೀವಿಯೇ ಬೇರೆ. ಇಂಗ್ಲಿಷ್ ಬಲ್ಲ ಹೆತ್ತವರು ಮಗು ಬಾಯಿ ತೆರೆಯುವ ಮೊದಲೇ ತಿದ್ದುತ್ತಾರೆ. ಅಮ್ಮಮ್ಮನಿಗೆ ಆ ಚಟವಿಲ್ಲ. ಕಂತಿನಲ್ಲಿ ದುಡ್ಡು ಕಟ್ಟಿಸಿಕೊಂಡು ಇಂಗ್ಲಿಷ್ ಕಲಿಸುವ ಆ್ಯಪಿನ ಬಗ್ಗೆ ಕೇಳುವವರಿಗೂ ನಾನು ಇವರ ಮನೆಯನ್ನೇ ತೋರಿಸುತ್ತೇನೆ. ಬೆಂಗಳೂರಿನಲ್ಲಿರುವ ತಾಯಿಗೂ ಒಂದು ಕೆಲಸ ಹಚ್ಚಿದ್ದೇನೆ: ರಾತ್ರಿ ವಿಡಿಯೊ ಕಾಲಿನಲ್ಲಿ ‘ಊಟ ಆಯ್ತಾ’ ಎಂದು ಕೇಳಿ ಮುಗಿಸುವ ಬದಲು ‘ಶೋ ಮಿ ಸಂಥಿಂಗ್ ರೆಡ್’ ಎಂದು ಕೇಳಿ ಕಾಯುವುದು. ಹೋಟೆಲಿನ ಅಡುಗೆಮನೆಯ ಗಲಾಟೆಯ ನಡುವೆ ಅವರು ಕಾಯುತ್ತಾರೆ, ಇಲ್ಲಿ ಮಗು ಮನೆಯಿಡೀ ಹುಡುಕಿ ಒಣಮೆಣಸು ತಂದು ಹಿಡಿಯುತ್ತದೆ.

ಮೊನ್ನೆ ಸಂತೆಯಲ್ಲಿ ಸಿಕ್ಕ ಆ ಅಮ್ಮಮ್ಮನದ್ದು ಈಗ ಬೇರೆಯೇ ದೂರು. ಚಮಚ, ತಟ್ಟೆ, ಕೊಡಪಾನ ಎಲ್ಲ ಜಗಲಿಗೆ ಬಂದು ಬಿದ್ದಿವೆಯಂತೆ. ‘ಮುಂದಿನ ಪಾಠದಂಗೆ ಅದನ್ನೆಲ್ಲ ವಾಪಸ್ ಇಡುಕೆ ಹೇಳಿ ಟೀಚರ್’ ಎಂದರು.