ಮುಟ್ಟಿದರೆ ನುಡಿಯುವ ಶಿಲ್ಪ

ಮನೆಯಲ್ಲಿ ಬೆಲೆಬಾಳುವ ವಸ್ತುವಿದ್ದರೆ ಮಕ್ಕಳಿಗೆ ನಾವು ಮೊದಲು ಹೇಳುವ ಮಾತು "ಮುಟ್ಟಬೇಡ" ಎಂಬುದು. ಶಿಲ್ಪಗಳನ್ನಿಟ್ಟ ಪ್ರದರ್ಶನಶಾಲೆಗಳಲ್ಲಿಯೂ ಇದೇ ಕಟ್ಟಳೆ. ಆದರೆ ಯಾರೂ ಮುಟ್ಟದಿದ್ದರೆ ಅರ್ಧ ಸತ್ತಂತೆಯೇ ಆಗುವ ಶಿಲ್ಪಗಳೂ ಉಂಟೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಅವುಗಳನ್ನು ನಿರ್ಮಿಸಿದವರು ಫ್ರಾನ್ಸ್ ದೇಶದ ಬಾಷೆ ಸಹೋದರರು.

ಹಿರಿಯರಾದ ಬರ್ನಾರ್ (1917-2015) ಯಂತ್ರಶಾಸ್ತ್ರವನ್ನೂ ನಾದದ ಗುಣಗಳನ್ನೂ ಬಲ್ಲವರು. ಕಿರಿಯರಾದ ಫ್ರಾನ್ಸ್ವಾ (1920-2014) ಶಿಲ್ಪಿಗಳು. ಒಬ್ಬರಿಗೆ ನಾದವು ಹುಟ್ಟುವ ಬಗೆ ತಿಳಿದಿತ್ತು. ಇನ್ನೊಬ್ಬರಿಗೆ ಲೋಹವನ್ನು ಬಾಗಿಸಿ ರೂಪಗೊಳಿಸುವ ಹದ ತಿಳಿದಿತ್ತು. ಈ ಎರಡು ವಿದ್ಯೆಗಳು ಕೂಡಿದುದರಿಂದ 1952ನೆಯ ಇಸವಿಯಲ್ಲಿ 'ಕ್ರಿಸ್ತಾಲ್' ಎಂಬ ವಾದ್ಯವು ಹುಟ್ಟಿತು.

ಒದ್ದೆ ಬೆರಳನ್ನು ಗಾಜಿನ ಲೋಟದ ಅಂಚಿನಲ್ಲಿ ತಿರುಗಿಸಿ ದನಿ ಹೊರಡಿಸುವ ಆಟವನ್ನು ನಮ್ಮಲ್ಲಿ ಅನೇಕರು ಆಡಿರಬಹುದು. ಕ್ರಿಸ್ತಾಲಿನ ಮರ್ಮವೂ ಅದಕ್ಕೆ ಸಮೀಪವಾದುದೇ. ಇಲ್ಲಿ ಲೋಟಕ್ಕೆ ಬದಲಾಗಿ ಗಾಜಿನ ಸಣ್ಣ ಕಡ್ಡಿಗಳ ಸಾಲು ಇರುವುದು. ನುಡಿಸುವವರು ಬೆರಳನ್ನು ನೀರಿನಲ್ಲಿ ಅದ್ದಿ ಕಡ್ಡಿಯ ಉದ್ದಕ್ಕೂ ಸವರುವರು. ಆ ಅದುರು ಲೋಹದ ಸರಳಿಗೆ ದಾಟುವುದು. ಅಲ್ಲಿಂದ ಅಗಲವಾದ ತಗಡಿಗೂ ಶಂಕುವಿನಂತಹ ಬಾಯಿಗಳಿಗೂ ಹರಡಿ ದೊಡ್ಡ ನಾದವಾಗುವುದು. ವೀಣೆಯ ತಂತಿಯ ಸಣ್ಣ ದನಿಯನ್ನು ಅದರ ಕೊಡವು ತುಂಬಿಕೊಡುವಂತೆ ಇಲ್ಲಿ ತಗಡು ತುಂಬಿಕೊಡುವುದು. ವಿದ್ಯುಚ್ಛಕ್ತಿಯ ಸಹಾಯವೇನೂ ಬೇಡ. ಆ ತಗಡನ್ನು ಹೂವಿನ ಎಸಳಿನಂತೆಯೋ ಹಕ್ಕಿಯ ರೆಕ್ಕೆಯಂತೆಯೋ ಮಡಿಸುವುದರಲ್ಲಿ ಶಿಲ್ಪಿಯ ಕೈ ಕಾಣುವುದು. ಚೆಲುವಿಗಾಗಿ ಹರಡಿದ ರೆಕ್ಕೆಯೇ ನಾದಕ್ಕೂ ಆಧಾರ.

1965ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯವು ಈ ಸಹೋದರರ ನಾದಶಿಲ್ಪಗಳನ್ನು ಪ್ರದರ್ಶನಕ್ಕಿಟ್ಟಿತು. ಸಂಗೀತದ ಅಭ್ಯಾಸವಿಲ್ಲದ ಜನರೂ, ಮಕ್ಕಳೂ ಇಂತಹ ಶಿಲ್ಪಗಳನ್ನು ತಾವೇ ಮುಟ್ಟಿ ನುಡಿಸಬೇಕೆಂಬುದು ಇವರ ಆಸೆ. ಬರ್ನಾರರು ಮುಂದೆ ಮಕ್ಕಳಿಗೆಂದೇ ವಾದ್ಯಗಳನ್ನು ರಚಿಸಿದರು.

ಜಪಾನಿನ ಓಸಾಕಾ ನಗರದಲ್ಲಿ 1970ರಲ್ಲಿ ನಡೆದ ವಿಶ್ವಪ್ರದರ್ಶನದ ಕಥೆ ಇನ್ನೂ ಮನನೀಯವಾದುದು. ಸಂಗೀತರಚಕರಾದ ತೋರು ತಾಕೆಮಿತ್ಸುರವರ ಆಹ್ವಾನದಂತೆ ಫ್ರಾನ್ಸ್ವಾರವರು ಅಲ್ಲಿಗೆ ಹೋಗಿ, ಉಕ್ಕಿನ ಉದ್ಯಮದವರ ಮಂಟಪಕ್ಕಾಗಿ 17 ನಾದಶಿಲ್ಪಗಳನ್ನು ನಿರ್ಮಿಸಿದರು. ತಮಗೆ ನೆರವಾದ ಜಪಾನೀಯರ ಹೆಸರುಗಳನ್ನು ಕೆಲವು ಶಿಲ್ಪಗಳಿಗೆ ಇಟ್ಟುದು ಅವರ ಸೌಜನ್ಯಕ್ಕೆ ಸಾಕ್ಷಿ. ಪ್ರದರ್ಶನವು ಮುಗಿಯಿತು, ಜನರು ಚದರಿದರು, ಶಿಲ್ಪಗಳನ್ನು ಬಿಚ್ಚಿ ಉಗ್ರಾಣಕ್ಕೆ ಸೇರಿಸಿದರು. ಹಲವು ದಶಕಗಳವರೆಗೆ ಅವು ಮೂಕವಾಗಿ ಬಿದ್ದಿದ್ದುವು. ಕಲ್ಲಿನ ವಿಗ್ರಹವಾದರೆ ಮಣ್ಣಿನಲ್ಲಿ ಹೂತಿದ್ದರೂ ಅಗೆದು ತೆಗೆದ ದಿನ ತನ್ನ ರೂಪವನ್ನು ತೋರೀತು. ಇವುಗಳ ಬಿಡಿಭಾಗಗಳನ್ನು ನೋಡಿದವರಿಗೆ ಅವುಗಳ ದನಿಯ ಸುಳಿವಾದರೂ ಎಲ್ಲಿ ಸಿಕ್ಕೀತು?

2010ರಿಂದ ಈಚೆಗೆ ಅವುಗಳಲ್ಲಿ ಕೆಲವು ಪುನಃ ಜೋಡಣೆಗೊಂಡು ನುಡಿದುವು. ಓಸಾಕಾದಲ್ಲಿಯೂ, ಕ್ಯೋಟೋ ಮತ್ತು ಟೋಕಿಯೋ ನಗರಗಳ ಕಲಾವಿದ್ಯಾಲಯಗಳಲ್ಲಿಯೂ ಈ ಜೀರ್ಣೋದ್ಧಾರವು ನಡೆಯಿತು. ತುಂಡುಗಳನ್ನು ಕೂಡಿಸಿದ ಮಾತ್ರಕ್ಕೆ ಕೆಲಸವು ಮುಗಿಯಲಿಲ್ಲ. ಕೈಯಿಟ್ಟು ನುಡಿಸಿ, ಕಿವಿಗೊಟ್ಟು ಕೇಳಿದಾಗಲೇ ಅದು ಪೂರ್ಣವಾದುದು.

ನಮ್ಮ ಮನೆಗಳಲ್ಲಿಯೂ ಅಜ್ಜಿಯ ಕಾಲದ ವೀಣೆಯೋ ತಂಬೂರಿಯೋ ಗವುಸು ಹೊದ್ದು ಮೂಲೆಯಲ್ಲಿ ನಿಂತಿರುವುದುಂಟು. ಕೆಟ್ಟೀತೆಂಬ ಭಯದಿಂದ ಮಕ್ಕಳನ್ನು ಹತ್ತಿರ ಬಿಡೆವು. ಜೋಪಾನವು ಒಳ್ಳೆಯದೇ. ಆದರೆ ಕೈಯೇ ಸೋಕದ ವಾದ್ಯವನ್ನು ಉಳಿಸಿದೆವೆಂದು ಹೇಳುವುದು ಹೇಗೆ? ನುರಿತವರಿಂದ ತಂತಿ ಕಟ್ಟಿಸಿ, ಕೈ ತೊಳೆದು ಬಂದ ಮಗುವನ್ನು ಒಂದು ಸಂಜೆ ಅದರ ಮುಂದೆ ಕೂರಿಸಿದರೆ ನಷ್ಟವೇನೂ ಇಲ್ಲ. ಮೊದಲ ದಿನ ಅಪಸ್ವರವೇ ಬಂದೀತು, ಬರಲಿ.